ಸಾಲುಗಳ ನಡುವಿನ ಚೀನೀ: ಹದಿಹರೆಯದ ಚೀನೀ ವಿದ್ಯಾರ್ಥಿಗಳ ಇಂಗ್ಲಿಷ್ ಪಠ್ಯಗಳಲ್ಲಿ ಪದ, ವ್ಯಾಕರಣ ಮತ್ತು ಓದು

ಇಂಗ್ಲಿಷ್ ಬೋಧನೆಯ ಇತಿಹಾಸವನ್ನು ನಾವು ವಿಧಾನಗಳ ವಂಶಾವಳಿಯಾಗಿ ಓದುವುದಕ್ಕೆ ಒಗ್ಗಿಹೋಗಿದ್ದೇವೆ. ಮೊದಲು ವ್ಯಾಕರಣ-ಅನುವಾದ ವಿಧಾನವಿತ್ತು, ಅದನ್ನು ನೇರ ವಿಧಾನವು ಪಕ್ಕಕ್ಕೆ ಸರಿಸಿತು, ಅದರ ಜಾಗಕ್ಕೆ ರಾಚನಿಕ ವಿಧಾನವೂ ಆಮೇಲೆ ಸಂವಹನ ವಿಧಾನವೂ ಬಂದವು ಎಂಬ ಕಥನವು ನಮ್ಮ ಬಿ.ಎಡ್. ತರಗತಿಗಳಿಂದ ಪಿಎಚ್.ಡಿ. ಪ್ರಬಂಧಗಳ ಎರಡನೆಯ ಅಧ್ಯಾಯದವರೆಗೆ ಅದೇ ಕ್ರಮದಲ್ಲಿ ಮರುಕಳಿಸುತ್ತದೆ. ಈ ಕಥನದಲ್ಲಿ ಕಲಿಯುವವನ ತಾಯ್ನುಡಿಗೆ ಒಂದೇ ಪಾತ್ರವಿದೆ: ಅದು ಹಂತಹಂತವಾಗಿ ತರಗತಿಯಿಂದ ಹೊರಹೋಗಬೇಕಾದ ವಸ್ತು. ಚೀನೀ ಮಾತನಾಡುವ ಹದಿಹರೆಯದವರಿಗಾಗಿ ಸಿದ್ಧವಾದ ಇಂಗ್ಲಿಷ್ ಪಠ್ಯಗಳನ್ನು ಕಾಲಾನುಕ್ರಮದಲ್ಲಿ ನೋಡಿದಾಗ ಈ ಕಥನವು ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಅಲ್ಲಿ ಪದ, ವ್ಯಾಕರಣ ಮತ್ತು ಓದು ಈ ಮೂರನ್ನೂ ಬೆಸೆದದ್ದು ಸಾಲುಗಳ ನಡುವೆ ಬರೆಯಲಾದ ಚೀನೀ. ಅದನ್ನು ಪುಟದ ಒಳಗೆ ಕರೆದುಕೊಂಡ ಪಠ್ಯಕಾರರೇ ಭಾಷೆಯ ಬಗ್ಗೆ ಹೊಸದಾಗಿ ಯೋಚಿಸಿದರು. ಅದನ್ನು ಹೊರಹಾಕಿದಾಗಲೆಲ್ಲ ವಿದ್ಯಾರ್ಥಿಯ ಪೆನ್ಸಿಲು ಅದನ್ನು ಪುಟದ ಅಂಚಿಗೆ ಮರಳಿ ತಂದಿತು. ಈ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ನಮ್ಮ ಚರ್ಚೆಗಳಲ್ಲಿ ಅದು ಅಷ್ಟಾಗಿ ಕಾಣಿಸಿಕೊಂಡಿಲ್ಲ.

ಆರಂಭವು ಶಾಲೆಯಲ್ಲಿ ಅಲ್ಲ, ಕ್ಯಾಂಟನ್ ಬಂದರಿನಲ್ಲಿ. ವಿದೇಶಿ ವರ್ತಕರೊಡನೆ ವ್ಯವಹರಿಸುವ ಅಂಗಡಿಯ ಹುಡುಗರಿಗಾಗಿ ಅಚ್ಚಾಗುತ್ತಿದ್ದ ಅಗ್ಗದ ಕಿರುಹೊತ್ತಗೆಗಳಲ್ಲಿ ಕೆಲವು ನೂರು ಪದಗಳಿರುತ್ತಿದ್ದವು, ಆದರೆ ರೋಮನ್ ಅಕ್ಷರ ಒಂದೂ ಇರುತ್ತಿರಲಿಲ್ಲ. ಚೀನೀ ಪದದ ಕೆಳಗೆ, ಅದಕ್ಕೆ ಸಮನಾದ ಇಂಗ್ಲಿಷ್ ಪದದ ಉಚ್ಚಾರಣೆಯನ್ನು ಕ್ಯಾಂಟನೀಸ್ ಓದಿಗೆ ಹೊಂದುವ ಚೀನೀ ಲಿಪಿಚಿಹ್ನೆಗಳಲ್ಲಿಯೇ ಕೊಡಲಾಗುತ್ತಿತ್ತು. 'ಒನ್' ಎಂಬುದಕ್ಕೆ 'ಬೆಚ್ಚಗೆ' ಎಂಬ ಅರ್ಥದ ಚಿಹ್ನೆ; 'ತ್ರೀ' ಎಂಬುದಕ್ಕೆ 'ಭೂಗೋಳ' ಎಂಬ ಅರ್ಥ ಬರುವ ಎರಡು ಚಿಹ್ನೆಗಳು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಬರೆದುಕೊಂಡೇ ಓದಿದ ನನಗೆ ಈ ಪುಟಗಳು ಒಮ್ಮೆಲೇ ಪರಿಚಿತವೆನಿಸಿದವು, ಆದರೆ ಹೋಲಿಕೆಗೆ ಒಂದು ಮಿತಿಯಿದೆ. ಕನ್ನಡದ ಅಕ್ಷರವು ಧ್ವನಿಯನ್ನು ಮಾತ್ರ ಹೊರುತ್ತದೆ. ಚೀನೀ ಚಿಹ್ನೆಯು ಧ್ವನಿಯ ಜೊತೆಗೆ ಅರ್ಥವನ್ನೂ ಹೊರುತ್ತದೆ. ಆದ್ದರಿಂದ ಚೀನೀ ಹುಡುಗನು ಇಂಗ್ಲಿಷ್ ಪದವನ್ನು ಬರೆದುಕೊಳ್ಳುವಾಗಲೆಲ್ಲ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಅರ್ಥವನ್ನು ಬದಿಗಿಟ್ಟು ಓದುವುದನ್ನೂ ಕಲಿಯಬೇಕಾಗುತ್ತಿತ್ತು. ಟಾಂಗ್ ಟಿಂಗ್‌ಶು 1862ರಲ್ಲಿ ಆರು ಸಂಪುಟಗಳ 'ಯಿಂಗ್‌ಯು ಜಿಚ್ವಾನ್' ಹೊರತಂದಾಗ ಇದೇ ಪದ್ಧತಿಯನ್ನು ಬಹುಮಟ್ಟಿಗೆ ಶಾಸ್ತ್ರೀಯಗೊಳಿಸಿದರು: ಚೀನೀ ಪದ, ಇಂಗ್ಲಿಷ್ ರೂಪ, ಕ್ಯಾಂಟನೀಸ್ ಉಚ್ಚಾರಣೆಯ ಟಿಪ್ಪಣಿ. ವ್ಯಾಪಾರದ ಪದಕೋಶವು ಇಲ್ಲಿ ಪಠ್ಯಪುಸ್ತಕವಾಗುವ ಹಾದಿಯಲ್ಲಿತ್ತು, ಆದರೆ ವಾಕ್ಯವು ಹೇಗೆ ಕಟ್ಟಲ್ಪಡುತ್ತದೆ ಎಂಬುದಕ್ಕೆ ಅದರಲ್ಲಿ ಇನ್ನೂ ಉತ್ತರವಿರಲಿಲ್ಲ.

ವ್ಯಾಕರಣವು ಬೇರೆ ದಾರಿಯಲ್ಲಿ ಬಂದಿತು. ರಾಬರ್ಟ್ ಮಾರಿಸನ್ 1818ರಲ್ಲಿ ಮಲಕ್ಕಾದಲ್ಲಿ ಸ್ಥಾಪಿಸಿದ ಆಂಗ್ಲೋ-ಚೈನೀಸ್ ಕಾಲೇಜಿನ ಬಾಲಕರಿಗಾಗಿ 1823ರಲ್ಲಿ ಇಂಗ್ಲಿಷ್ ವ್ಯಾಕರಣವೊಂದನ್ನು ಪ್ರಕಟಿಸಿದರು. ಅದೇ 1862ರಲ್ಲಿ ಬೀಜಿಂಗ್‌ನಲ್ಲಿ ಟೊಂಗ್‌ವೆನ್ ಗ್ವಾನ್ ಎಂಬ ಸರ್ಕಾರಿ ಭಾಷಾಶಾಲೆ ತೆರೆಯಿತು. ಮೊದಲ ತಂಡದಲ್ಲಿದ್ದವರು ಹತ್ತು ಮಂದಿ ಮಾತ್ರ, ಎಲ್ಲರೂ ಹದಿಮೂರು-ಹದಿನಾಲ್ಕರ ಆಸುಪಾಸಿನ ವಯಸ್ಸಿಗೆ ಗೊತ್ತುಮಾಡಲಾದ ಮಂಚು ಸೇನಾಕುಟುಂಬಗಳ ಹುಡುಗರು. ಈ ಶಾಲೆಯು 1876ರಲ್ಲಿ ಗೊತ್ತುಪಡಿಸಿದ ಎಂಟು ವರ್ಷಗಳ ಪಠ್ಯಕ್ರಮದಲ್ಲಿ ಮೊದಲ ವರ್ಷ ಓದು, ಬರೆಹ ಮತ್ತು ಸುಲಭ ವಾಕ್ಯಗಳ ಅರ್ಥವಿವರಣೆ, ಎರಡನೆಯ ವರ್ಷ ವಾಕ್ಯರಚನೆಯ ಅಭ್ಯಾಸ ಮತ್ತು ಸಣ್ಣ ಟಿಪ್ಪಣಿಗಳ ಅನುವಾದ, ಮೂರನೆಯ ವರ್ಷ ಭೂಗೋಳ, ಇತಿಹಾಸ. ಇದನ್ನು ಯುರೋಪಿನಿಂದ ಆಮದಾದ ವ್ಯಾಕರಣ-ಅನುವಾದ ವಿಧಾನವೆಂದು ಕರೆಯುವುದು ರೂಢಿ. ನನಗೆ ಈ ಹೆಸರು ಅರ್ಧಸತ್ಯವೆಂದು ತೋರುತ್ತದೆ. ಪಠ್ಯವನ್ನು ಗಟ್ಟಿಯಾಗಿ ಓದಿ ಕಂಠಸ್ಥ ಮಾಡುವುದು, ಗುರುವು ಪದಪದವಾಗಿ ಬಿಡಿಸಿ ಹೇಳುವುದು, ಸಾಲುಗಳ ನಡುವೆ ಚಿಕ್ಕ ಅಕ್ಷರಗಳಲ್ಲಿ ವ್ಯಾಖ್ಯಾನವನ್ನು ಅಚ್ಚುಹಾಕುವುದು ಇವೆಲ್ಲ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಓದಿಸುವ ಕ್ರಮವೇ ಆಗಿದ್ದವು. ಹಳಗನ್ನಡ ಕಾವ್ಯವನ್ನು ಪ್ರತಿಪದಾರ್ಥ, ಅನ್ವಯ, ತಾತ್ಪರ್ಯಗಳ ಮೂಲಕ ಓದಿಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಭಾಷೆಯು ಹಳೆಯ ಓದಿನ ಪಡಸಾಲೆಗೆ ಬಂದು ಕುಳಿತಿತು ಎನ್ನುವುದು ಹೆಚ್ಚು ಸರಿ.

ಅನ್ವಯ ಎಂಬ ನಮ್ಮ ಪಾರಿಭಾಷಿಕವನ್ನು ಇಲ್ಲಿ ಬೇಕೆಂದೇ ಬಳಸುತ್ತಿದ್ದೇನೆ. ಕನ್ನಡದಲ್ಲಿ 'ನಾನು ನಿನ್ನೆ ಓದಿದ ಪುಸ್ತಕ' ಎನ್ನುತ್ತೇವೆ. ಚೀನೀಯಲ್ಲಿ 'ವೊ ಜ಼ೊತ್ಯೆನ್ ದು ದ ಶು'. ಇಲ್ಲಿ 'ವೊ' ನಾನು, 'ಜ಼ೊತ್ಯೆನ್' ನಿನ್ನೆ, 'ದು' ಓದು, 'ದ' ಎಂಬುದು ವಿಶೇಷಣವನ್ನು ನಾಮಕ್ಕೆ ಜೋಡಿಸುವ ಪ್ರತ್ಯಯಸದೃಶ ಪದ, 'ಶು' ಪುಸ್ತಕ. ಪದಕ್ಕೆ ಪದ, ಕ್ರಮಕ್ಕೆ ಕ್ರಮ ಎರಡೂ ಹೊಂದುತ್ತವೆ. ಕರ್ಮವು ಕ್ರಿಯಾಪದದ ನಂತರ ಬರುವ ಭಾಷೆಗಳಲ್ಲಿ ವಿಶೇಷಣ ವಾಕ್ಯವು ನಾಮಪದಕ್ಕಿಂತ ಮೊದಲು ಬರುವುದು ಬಹಳ ಅಪರೂಪ. ಚೀನೀ ಆ ಅಪರೂಪದ ನಿದರ್ಶನ. ಹೀಗಾಗಿ ಮುಖ್ಯವಾಕ್ಯದ ಮಟ್ಟದಲ್ಲಿ ಇಂಗ್ಲಿಷ್ ಪದಕ್ರಮವು ಚೀನೀ ಬಾಲಕನಿಗೆ ಮನೆಯ ಹಾದಿಯಂತೆ ನೇರವಾಗಿದ್ದರೂ, ನಾಮಪದಗುಚ್ಛದ ಒಳಗೆ ಹೊಕ್ಕ ಕೂಡಲೇ ಅವನು ಬಲದಿಂದ ಎಡಕ್ಕೆ ತಿರುಗಬೇಕಾಗುತ್ತದೆ. ಕನ್ನಡದ ಬಾಲಕನಿಗೆ ಎರಡೂ ಕಡೆ ತಿರುವು ಕಾದಿರುತ್ತದೆ. ಅವನು ಮೊದಲ ದಿನದಿಂದಲೇ ಎಚ್ಚರವಾಗಿರುತ್ತಾನೆ. ಚೀನೀ ಬಾಲಕನು ಮೊದಲ ವರ್ಷ ಸರಾಗವಾಗಿ ಓದಿ, ಉದ್ದದ ವಾಕ್ಯಗಳು ಬಂದಾಗ ಎಡವುತ್ತಾನೆ. ಪದಗಳ ಅರ್ಥವೆಲ್ಲ ಗೊತ್ತು, ವಾಕ್ಯದ ಅರ್ಥ ಗೊತ್ತಿಲ್ಲ ಎಂಬ ದೂರು ಎಲ್ಲ ಕಡೆಯ ಶಿಕ್ಷಕರಿಗೂ ಪರಿಚಿತವಾದುದೇ. ಚೀನೀ ತರಗತಿಯಲ್ಲಿ ಅದಕ್ಕೆ ಹೀಗೊಂದು ರಾಚನಿಕ ಕಾರಣವೂ ಇದೆ. ಪದ, ವ್ಯಾಕರಣ, ಓದು ಎಂದು ಮೂರಾಗಿ ಒಡೆದ ಕೌಶಲಗಳು ಒಂದೇ ಗಂಟಾಗುವುದು ಇಂಥ ನಾಮಪದಗುಚ್ಛದಲ್ಲಿ.

ಈ ಗಂಟನ್ನು ಬಿಡಿಸುವ ಮೊದಲ ಗಂಭೀರ ಪ್ರಯತ್ನ ಟೊಂಗ್‌ವೆನ್ ಗ್ವಾನ್‌ನ ವಿದ್ಯಾರ್ಥಿಯಿಂದಲೇ ಬಂದಿತು. ವಾಂಗ್ ಫೆಂಗ್‌ಜ಼ಾವ್ 1870ರ ದಶಕದ ಕೊನೆಯಲ್ಲಿ ಸೈಮನ್ ಕರ್ಲ್ ಎಂಬ ಅಮೆರಿಕನ್ ವ್ಯಾಕರಣಕಾರನ ಪುಸ್ತಕವನ್ನು ಚೀನೀಗೆ ತಂದರು. ಇಂಗ್ಲಿಷ್ ವ್ಯಾಕರಣವನ್ನು ಚೀನೀಯಲ್ಲಿ ಹೇಳಬೇಕೆಂದರೆ ನಾಮ, ಕ್ರಿಯೆ, ಅವ್ಯಯಗಳಿಗೆ ಚೀನೀ ಹೆಸರುಗಳು ಬೇಕು. ಚೀನೀ ಪರಂಪರೆಯಲ್ಲಿ ಸಮೃದ್ಧವಾದ ನಿಘಂಟುಶಾಸ್ತ್ರವೂ ಧ್ವನಿಶಾಸ್ತ್ರವೂ ಇದ್ದವು. 'ತುಂಬಿದ ಪದ', 'ಬರಿದಾದ ಪದ' ಎಂಬ ಸ್ಥೂಲ ವಿಂಗಡಣೆಯೂ ಇತ್ತು. ಪಾಣಿನೀಯದಂಥ ಪದರಚನಾ ವ್ಯಾಕರಣವಿರಲಿಲ್ಲ. ಆದ್ದರಿಂದ ಹದಿಹರೆಯದವರಿಗೆ ಇಂಗ್ಲಿಷ್ ಕಲಿಸುವ ಪುಸ್ತಕವು ತನ್ನ ಪರಿಭಾಷೆಯನ್ನು ತಾನೇ ಟಂಕಿಸಿಕೊಳ್ಳಬೇಕಾಯಿತು.

ಈ ಚರಿತ್ರೆಯ ನಡುಗಂಬವೆಂದರೆ 1898. ಆ ವರ್ಷ ಎರಡು ಪುಸ್ತಕಗಳು ಹೊರಬಂದವು. ಒಂದು, ಮಾ ಜ್ಯೆನ್‌ಜೊಂಗ್ ಅವರ 'ಮಾಶ್ ವೆನ್‌ಟೊಂಗ್': ಲ್ಯಾಟಿನ್ ವ್ಯಾಕರಣದ ಚೌಕಟ್ಟಿನಲ್ಲಿ ಚೀನೀಯರೊಬ್ಬರು ಶಾಸ್ತ್ರೀಯ ಚೀನೀಗೆ ಬರೆದ ಮೊದಲ ವ್ಯವಸ್ಥಿತ ವ್ಯಾಕರಣ. ಕೇಶಿರಾಜನು ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ಕೂರಿಸುವಾಗ ಎದುರಿಸಿದ ಇಕ್ಕಟ್ಟುಗಳನ್ನು ಬಲ್ಲವರು ಮಾ ಅವರ ಗ್ರಂಥವನ್ನು ಸಹಾನುಭೂತಿಯಿಂದ ಓದಬಲ್ಲರು. ಇನ್ನೊಂದು, ಹಿಂದಿನ ವರ್ಷವಷ್ಟೇ ಶಾಂಘಾಯ್‌ಯಲ್ಲಿ ಮುದ್ರಣಾಲಯವಾಗಿ ಆರಂಭವಾಗಿದ್ದ ಕಮರ್ಷಿಯಲ್ ಪ್ರೆಸ್ ಹೊರತಂದ 'ಹ್ವಾಯಿಂಗ್ ಚುಜ್ಯೆ', ಅಂದರೆ ಚೀನೀ-ಇಂಗ್ಲಿಷ್ ಮೊದಲ ಮೆಟ್ಟಿಲು. ಇದರ ಇಂಗ್ಲಿಷ್ ಭಾಗವು ಚೀನಾಕ್ಕಾಗಿ ಬರೆದದ್ದಲ್ಲ. ಬ್ರಿಟಿಷರು ಭಾರತದ ಶಾಲಾಮಕ್ಕಳಿಗಾಗಿ ಸಿದ್ಧಪಡಿಸಿದ್ದ ವಾಚಕಮಾಲೆಯ ಪಾಠಗಳು ಅವು. ಶಾಂಘಾಯ್‌ಯ ಶಾಲೆಗಳಲ್ಲಿ ಈ ವಾಚಕಗಳು ಇಂಗ್ಲಿಷಿನಲ್ಲೇ ಬಳಕೆಯಲ್ಲಿದ್ದವು, ಹುಡುಗರಿಗೆ ಅರ್ಥವಾಗುತ್ತಿರಲಿಲ್ಲ. ಶ್ಯೆ ಹೊಂಗ್‌ಲಾಯ್ ಎಂಬ ಶಿಕ್ಷಕರು ಅದಕ್ಕೆ ಚೀನೀ ಅನುವಾದ ಮತ್ತು ಟಿಪ್ಪಣಿಗಳನ್ನು ಸೇರಿಸಿದರು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. 'ಹ್ವಾಯಿಂಗ್ ಜಿನ್‌ಜ್ಯೆ' ಎಂಬ ಮುಂದಿನ ಭಾಗಗಳು ಬೆನ್ನಿಗೇ ಬಂದವು. ಮುಂದೆ ಚೀನಾದ ಅತಿ ದೊಡ್ಡ ಪ್ರಕಾಶನ ಸಂಸ್ಥೆಯಾಗಿ ಬೆಳೆದ ಕಮರ್ಷಿಯಲ್ ಪ್ರೆಸ್ ಪ್ರಕಾಶನಕ್ಕೆ ಕಾಲಿಟ್ಟದ್ದು ಭಾರತದ ಪಠ್ಯವೊಂದರ ಚೀನೀ ಟೀಕಿನ ಮೇಲೆ.

ಈ ಸಂಗತಿಯನ್ನು ಚೀನೀ ಪ್ರಕಾಶನದ ಇತಿಹಾಸಕಾರರು ಬಲ್ಲರು. ಅದನ್ನು ವಸಾಹತುಶಾಹಿಯ ಒಂದು ಅಡಿಟಿಪ್ಪಣಿಯಾಗಿ ದಾಖಲಿಸಿ ಮುಂದೆ ಹೋಗುವುದೇ ವಾಡಿಕೆ. ಭಾಷಾವಿಜ್ಞಾನಿಗೆ ಅದು ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಯಾವ ನೆಲದ ಮಕ್ಕಳಿಗಾಗಿ ಪಾಠ ಬರೆಯಲಾಯಿತೋ ಆ ಮಕ್ಕಳ ಭಾಷೆಗಳ ಗುರುತು ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಆದ್ದರಿಂದಲೇ ಅದು ಸುಲಭವಾಗಿ ಇನ್ನೊಂದು ದೇಶಕ್ಕೆ ಸಾಗಿತು. ಶ್ಯೆ ಅವರ ಟಿಪ್ಪಣಿಗಳೊಡನೆ ಅದಕ್ಕೆ ಮೊದಲ ಬಾರಿಗೆ ಒಬ್ಬ ನಿರ್ದಿಷ್ಟ ಓದುಗ ಸಿಕ್ಕಿದನು. ಟೀಕು ಎಂಬುದು ಪಠ್ಯವನ್ನು ಸರಳಗೊಳಿಸುವ ಊರುಗೋಲು ಮಾತ್ರವಲ್ಲ, ಪಠ್ಯವು ಯಾರಿಗಾಗಿ ಎಂಬುದನ್ನು ನಿರ್ಧರಿಸುವ ಕ್ರಿಯೆಯೂ ಹೌದು.

ಆರು ವರ್ಷಗಳ ಅನಂತರ, 1904ರಲ್ಲಿ, ಯೆನ್ ಫು 'ಯಿಂಗ್‌ವೆನ್ ಹಾನ್‌ಗು' ಪ್ರಕಟಿಸಿದರು. ಹಕ್ಸ್ಲಿ ಮತ್ತು ಆ್ಯಡಂ ಸ್ಮಿತ್‌ರನ್ನು ಶಾಸ್ತ್ರೀಯ ಚೀನೀಗೆ ತಂದ ಈ ಅನುವಾದಕರು ಇಂಗ್ಲಿಷ್ ವ್ಯಾಕರಣವನ್ನೂ ಅದೇ ಶೈಲಿಯಲ್ಲಿ ವಿವರಿಸಿದರು. ಅದೇ ವರ್ಷ ಜಾರಿಗೆ ಬಂದ ಹೊಸ ಶಾಲಾ ನಿಯಮಾವಳಿಯು ಮಾಧ್ಯಮಿಕ ಶಾಲೆಗಳಲ್ಲಿ ವಿದೇಶಿ ಭಾಷೆಗೆ ವಾರಕ್ಕೆ ಆರರಿಂದ ಎಂಟು ಗಂಟೆ, ಪ್ರಾಚೀನ ಗ್ರಂಥಗಳ ಓದಿಗೆ ಒಂಬತ್ತು ಗಂಟೆ ನಿಗದಿಪಡಿಸಿತು. ಎರಡೂ ಓದುಗಳು ಒಂದೇ ಕೋಣೆಯಲ್ಲಿ, ಒಂದೇ ಹುಡುಗರ ಬಾಯಲ್ಲಿ ಅಕ್ಕಪಕ್ಕ ನಡೆದವು. ಮರುವರ್ಷ ಸಾಮ್ರಾಜ್ಯದ ಅಧಿಕಾರಿ ಪರೀಕ್ಷೆಗಳು ರದ್ದಾದ ಮೇಲೆ ಇಂಗ್ಲಿಷ್ ಪುಸ್ತಕದ ಬೇಡಿಕೆ ಏರಿದ್ದು ಸಹಜವೇ.

1920ರ ದಶಕದಲ್ಲಿ ಜಾಂಗ್ ಶಿಯೀ ಮೊದಲಾದವರು ನೇರ ವಿಧಾನದ ಪರವಾಗಿ ವಾದಿಸಿದರು: ಮಾತು ಮೊದಲು, ತರಗತಿಯಲ್ಲಿ ಇಂಗ್ಲಿಷ್ ಮಾತ್ರ. ಅವರ ಟೀಕೆಯಲ್ಲಿ ನ್ಯಾಯವಿತ್ತು. ಟೀಕಿನ ಓದು ಮೂಕ ಓದುಗರನ್ನು ಸೃಷ್ಟಿಸುತ್ತಿತ್ತು. ಆದರೆ ಅದೇ ದಶಕದಲ್ಲಿ ಹೆಚ್ಚು ದೂರ ಯೋಚಿಸಿದವರು, ನನ್ನ ದೃಷ್ಟಿಯಲ್ಲಿ, ಲೈಪ್‌ಜಿಗ್‌ನಲ್ಲಿ ಚೀನೀ ಧ್ವನಿಶಾಸ್ತ್ರದ ಮೇಲೆ ಡಾಕ್ಟರೇಟ್ ಪಡೆದು ಬಂದಿದ್ದ ಲಿನ್ ಯೂಟಾಂಗ್. ಅವರನ್ನು ನಾವು ಪ್ರಬಂಧಕಾರರೆಂದು ಬಲ್ಲೆವು. ಚೀನಾದ ಒಂದು ತಲೆಮಾರು ಅವರನ್ನು ಮೊದಲು ಬಲ್ಲದ್ದು ಶಾಲಾಪುಸ್ತಕದ ಕರ್ತೃವಾಗಿ. ಕಿರಿಯ ಮಾಧ್ಯಮಿಕ ತರಗತಿಗಳಿಗಾಗಿ 1928ರಿಂದ ಹೊರಬಂದ ಅವರ ಕಾಯ್‌ಮಿಂಗ್ ಇಂಗ್ಲಿಷ್ ವಾಚಕಗಳಿಗೆ ಚಿತ್ರ ಬರೆದವರು ಫೆಂಗ್ ಜ಼ಿಕಾಯ್. ಪುಸ್ತಕದ ಲಾಭ ಎಷ್ಟಿತ್ತೆಂದರೆ 1930ರಲ್ಲಿ ಪ್ರತಿಸ್ಪರ್ಧಿ ಪ್ರಕಾಶನದ ವಾಚಕವೊಂದರ ಮೇಲಿನ ಕೃತಿಚೌರ್ಯದ ಆರೋಪ ನ್ಯಾಯಾಲಯಕ್ಕೂ ಶಿಕ್ಷಣ ಸಚಿವಾಲಯಕ್ಕೂ ಹೋಯಿತು. ಆ ಜಗಳಕ್ಕಿಂತ ಮುಖ್ಯವಾದುದು 1930ರ ದಶಕದ ಆರಂಭದಲ್ಲಿ ಬಂದ ಅವರ 'ಕಾಯ್‌ಮಿಂಗ್ ಇಂಗ್ಲಿಷ್ ವ್ಯಾಕರಣ'. ಇದರ ಅಧ್ಯಾಯಗಳು ನಾಮ, ಸರ್ವನಾಮ, ಕ್ರಿಯಾಪದ ಎಂದು ಸಾಗುವುದಿಲ್ಲ. ಸಂಖ್ಯೆ ಮತ್ತು ಪರಿಮಾಣ, ನಿರ್ದಿಷ್ಟತೆ, ಹೋಲಿಕೆ, ಕ್ರಿಯೆಯ ಕಾಲ, ವಾಸ್ತವ ಮತ್ತು ಕಲ್ಪನೆ ಎಂದು ಸಾಗುತ್ತವೆ. ಅಂದರೆ ರೂಪದಿಂದ ಅರ್ಥಕ್ಕಲ್ಲ, ಅರ್ಥದಿಂದ ರೂಪಕ್ಕೆ. ಪುಸ್ತಕದ ಉಪಶೀರ್ಷಿಕೆಯೇ ಅದು ಪರಿಕಲ್ಪನಾ ವರ್ಗಗಳನ್ನು ಆಧರಿಸಿದ್ದೆಂದು ಸಾರುತ್ತದೆ. ಯುರೋಪಿನಲ್ಲಿ ಬ್ರೂನೊ ಮತ್ತು ಯೆಸ್ಪರ್ಸನ್ ಅವರಿಂದ ಪಡೆದ ಈ ದೃಷ್ಟಿಯು ಚೀನೀ ವಿದ್ಯಾರ್ಥಿಯ ವಿಷಯದಲ್ಲಿ ವಿಶೇಷವಾಗಿ ಫಲಕಾರಿ. ಚೀನೀ ಕ್ರಿಯಾಪದಕ್ಕೆ ಕಾಲಸೂಚಕ ವಿಭಕ್ತಿಯಿಲ್ಲ. 'ಲ' ಎಂಬಂಥ ಪದಗಳು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತವೆ, ಕಾಲವನ್ನಲ್ಲ. ಭೂತಕಾಲದ ರೂಪಾವಳಿಯನ್ನು ಅವನ ಮುಂದೆ ಇಟ್ಟರೆ ಅದು ಅವನ ಭಾಷೆಯಲ್ಲಿ ಎಲ್ಲಿಯೂ ತಗಲಿಕೊಳ್ಳುವುದಿಲ್ಲ. ನಿನ್ನೆ ನಡೆದದ್ದನ್ನು ನೀನು ಹೇಗೆ ಹೇಳುತ್ತೀಯೆ, ಇಂಗ್ಲಿಷಿನವನು ಹೇಗೆ ಹೇಳುತ್ತಾನೆ ಎಂದು ಕೇಳಿದರೆ ತಗಲಿಕೊಳ್ಳಲು ಒಂದು ಗೂಟ ಸಿಗುತ್ತದೆ. 1970ರ ದಶಕದಲ್ಲಿ ಪರಿಕಲ್ಪನಾತ್ಮಕ ಪಠ್ಯಕ್ರಮವು ಹೊಸ ಶೋಧವೆಂಬಂತೆ ನಮ್ಮ ವಿಶ್ವವಿದ್ಯಾಲಯಗಳಿಗೆ ಬಂದಾಗ ಈ ಪೂರ್ವಜನ ಹೆಸರು ಅದರೊಡನೆ ಬರಲಿಲ್ಲ.

ಪದಸಂಪತ್ತಿನ ಎಣಿಕೆಯೂ ಇದೇ ದಶಕಗಳ ಕಥೆ. ಥಾರ್ನ್‌ಡೈಕ್ 1921ರಲ್ಲಿ ಹತ್ತು ಸಾವಿರ ಇಂಗ್ಲಿಷ್ ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಚೆನ್ ಹೆಚಿನ್ 1928ರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರಗಳ ಚೀನೀ ಬರೆಹವನ್ನು ಎಣಿಸಿ 4,261 ಭಿನ್ನ ಚಿಹ್ನೆಗಳನ್ನು ಪಟ್ಟಿಮಾಡಿದರು. ಒಂದು ಸಾವಿರ ಭಿನ್ನ ಚಿಹ್ನೆಗಳಿಂದ ಕಟ್ಟಿದ ಬಾಲಪಾಠವನ್ನು ಆರನೆಯ ಶತಮಾನದಿಂದಲೂ ಬಾಯಿಪಾಠ ಮಾಡಿಸುತ್ತ ಬಂದ ಸಂಸ್ಕೃತಿಗೆ 'ಎಷ್ಟು ಪದ ಬರುತ್ತದೆ' ಎಂಬ ಪ್ರಶ್ನೆ ಪಾಶ್ಚಾತ್ಯ ಮನೋವಿಜ್ಞಾನದಿಂದ ಕಲಿಯಬೇಕಾದುದಾಗಿರಲಿಲ್ಲ. ಇತ್ತ ಢಾಕಾದಲ್ಲಿ ಇಂಡಿಯನ್ ಎಜುಕೇಷನ್ ಸರ್ವಿಸ್‌ನಲ್ಲಿದ್ದ ಮೈಕೆಲ್ ವೆಸ್ಟ್, ನಡುವೆ ಶಾಲೆ ಬಿಡುವ ಬಂಗಾಳಿ ಹುಡುಗನ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಂಡು, ಓದುವ ಸಾಮರ್ಥ್ಯವೇ ಮೊದಲು ಎಂಬ ಉತ್ತರಕ್ಕೆ ಬಂದಿದ್ದರು. ಚೀನಾದಲ್ಲಿ ಕಲಿಸಿದ ಲಾರೆನ್ಸ್ ಫಾಸೆಟ್, ಜಪಾನಿನಿಂದ ಬಂದ ಹೆರಾಲ್ಡ್ ಪಾಮರ್ ಮತ್ತು ವೆಸ್ಟ್ 1934ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಮ್ಮೇಳನದಲ್ಲಿ ಸೇರಿದರು. ಅಲ್ಲಿನ ಚರ್ಚೆಯಿಂದ 1936ರ ವರದಿಯೂ, ಮುಂದೆ 1953ರಲ್ಲಿ ವೆಸ್ಟ್ ಸಂಪಾದಿಸಿದ ಸುಮಾರು ಎರಡು ಸಾವಿರ ಪದಗಳ ಸಾಮಾನ್ಯ ಪದಪಟ್ಟಿಯೂ ಹುಟ್ಟಿದವು. ಪದನಿಯಂತ್ರಣದ ಸಿದ್ಧಾಂತವನ್ನು ಇಂಗ್ಲೆಂಡಿನಿಂದ ಏಷ್ಯಾಕ್ಕೆ ಹರಿದುಬಂದದ್ದೆಂದು ಬರೆಯುವವರು ಈ ಮೂವರ ತರಗತಿಗಳು ಎಲ್ಲಿದ್ದವು ಎಂಬುದನ್ನು ಒಮ್ಮೆ ನೋಡಬೇಕು.

ಅದೇ ಕಾಲದಲ್ಲಿ ಆಗ್ಡೆನ್‌ನ 850 ಪದಗಳ ಬೇಸಿಕ್ ಇಂಗ್ಲಿಷನ್ನು ಐ. ಎ. ರಿಚರ್ಡ್ಸ್ ಚೀನಾಕ್ಕೆ ಒಯ್ದರು. ಚೀನೀ ವಿದ್ಯಾರ್ಥಿಗಳಿಗಾಗಿ ಅವರ ಮೊದಲ ಪುಸ್ತಕ 1938ರಲ್ಲಿ ಬಂದಿತು. ಹಿಂದಿನ ವರ್ಷವೇ ಜಪಾನಿನ ಆಕ್ರಮಣ ಆರಂಭವಾಗಿದ್ದರಿಂದ ಯೋಜನೆ ಮುರಿದುಬಿತ್ತು. ಯುದ್ಧವಿಲ್ಲದಿದ್ದರೂ ಅದು ಸಫಲವಾಗುತ್ತಿತ್ತೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಬೇಸಿಕ್‌ನಲ್ಲಿ ಕ್ರಿಯಾಪದಗಳು ಹದಿನೆಂಟೇ. ಉಳಿದ ಕ್ರಿಯೆಗಳನ್ನೆಲ್ಲ 'ಪುಟ್', 'ಗೆಟ್', 'ಟೇಕ್'ಗಳಿಗೆ 'ಅಪ್', 'ಆಫ್', 'ಔಟ್'ಗಳನ್ನು ಜೋಡಿಸಿ ಹೇಳಬೇಕು. ಪಟ್ಟಿ ಚಿಕ್ಕದಾಯಿತು, ಆದರೆ ಪದಗಳ ಕೂಟಗಳು ಅರ್ಥದಲ್ಲಿ ಒಗಟಾದವು. ಟೀಕಿನ ಸಹಾಯವಿಲ್ಲದೆ ಇಂಥ ಕೂಟಗಳನ್ನು ಬಿಡಿಸುವುದು ಪದಕೋಶದ ದೊಡ್ಡ ಪದವೊಂದನ್ನು ನೆನಪಿಡುವುದಕ್ಕಿಂತ ಕಷ್ಟ. ಕ್ವಾಂಗ್ ಕಿಚ್ಯು 1881ರಷ್ಟು ಹಿಂದೆಯೇ ಇಂಗ್ಲಿಷ್ ಪದಗುಚ್ಛಗಳ ದೊಡ್ಡ ನಿಘಂಟನ್ನು ನ್ಯೂಯಾರ್ಕಿನಲ್ಲಿ ಪ್ರಕಟಿಸಿದಾಗ ಈ ಕಷ್ಟ ಅವರಿಗೆ ಗೊತ್ತಿತ್ತು. ಅಮೆರಿಕಕ್ಕೆ ಕಳುಹಿಸಲಾದ 120 ಚೀನೀ ಬಾಲಕರ ಶಿಕ್ಷಣ ನಿಯೋಗದಲ್ಲಿ ಅವರು ಭಾಷಾಂತರಕಾರರಾಗಿದ್ದವರು.

1949ರ ನಂತರದ ದಶಕಗಳನ್ನು ಇಲ್ಲಿ ಬೇಗ ದಾಟುತ್ತೇನೆ. ರಷ್ಯನ್ ಭಾಷೆ ಮೇಲಾಯಿತು. 1954ರಲ್ಲಿ ಕಿರಿಯ ಮಾಧ್ಯಮಿಕ ಶಾಲೆಗಳಿಂದ ವಿದೇಶಿ ಭಾಷೆಯನ್ನೇ ತೆಗೆಯಲಾಯಿತು, 1957ರಿಂದ ಮರಳಿ ಸೇರಿಸಲಾಯಿತು. ಸಾಂಸ್ಕೃತಿಕ ಕ್ರಾಂತಿಯು ಶಾಲೆಗಳನ್ನೇ ಅಸ್ತವ್ಯಸ್ತಗೊಳಿಸಿತು. ಭಾಷಾವಿಜ್ಞಾನದ ದೃಷ್ಟಿಯಿಂದ ಗಮನಾರ್ಹವಾದುದು 1958ರ ಪಿನ್‌ಯಿನ್. ಅದರ ನಂತರದ ವಿದ್ಯಾರ್ಥಿಗೆ ರೋಮನ್ ಅಕ್ಷರವು ಇಂಗ್ಲಿಷಿನ ಮೂಲಕ ಬರಲಿಲ್ಲ, ತನ್ನ ಭಾಷೆಯ ಮೂಲಕವೇ ಬಂದಿತು. ಇಂಗ್ಲಿಷ್ ತರಗತಿಯಲ್ಲಿ ಅವನು 'ಕ್ಯು', 'ಎಕ್ಸ್', 'ಸಿ' ಅಕ್ಷರಗಳಿಗೆ ಹೊಸ ಧ್ವನಿಗಳನ್ನು ಕಲಿಯಬೇಕಾಯಿತು, ಹಳೆಯವನ್ನು ಮರೆಯದೆ.

1977ರಲ್ಲಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಮರಳಿ ಬಂದಿತು. ಇಂಗ್ಲಿಷಿನ ಅಂಕಗಳಲ್ಲಿ ಒಟ್ಟು ಮೊತ್ತಕ್ಕೆ ಸೇರುವ ಪಾಲು 1980ರಲ್ಲಿ ಶೇ. 30, 1981ರಲ್ಲಿ ಶೇ. 50, 1982ರಲ್ಲಿ ಶೇ. 70, 1983ರಲ್ಲಿ ಪೂರ್ಣ. ನಾಲ್ಕೇ ವರ್ಷಗಳಲ್ಲಿ ಒಂದು ಭಾಷೆಯು ಹಳ್ಳಿಯ ಹುಡುಗಿಯೊಬ್ಬಳ ಮುಂದಿನ ಬದುಕನ್ನು ತೂಗುವ ಬಟ್ಟಾಯಿತು. ಗ್ವೇ ಶಿಚುನ್ ಮತ್ತು ಸಂಗಡಿಗರು ರೂಪಿಸಿದ ವಸ್ತುನಿಷ್ಠ ಮಾದರಿಯ ಪರೀಕ್ಷೆ 1985ರಲ್ಲಿ ಗ್ವಾಂಗ್‌ಡೊಂಗ್‌ನಲ್ಲಿ ಆರಂಭವಾಗಿ 1989ರ ವೇಳೆಗೆ ದೇಶವ್ಯಾಪಿಯಾಯಿತು. ಮಾಪನವಿಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಲಕ್ಷಾಂತರ ಉತ್ತರಪತ್ರಿಕೆಗಳನ್ನು ಯಂತ್ರ ಓದಬೇಕಾದಾಗ ವ್ಯಾಕರಣವು ನಾಲ್ಕು ಆಯ್ಕೆಗಳ ಒಂದು ಬಿಡಿವಾಕ್ಯವಾಗುತ್ತದೆ. ಅನ್ವಯದ ಕೆಲಸ, ಅಂದರೆ ಉದ್ದದ ವಾಕ್ಯವನ್ನು ತನ್ನ ಭಾಷೆಯಲ್ಲಿ ಬಿಡಿಸಿ ಮತ್ತೆ ಕಟ್ಟುವ ಕೆಲಸ, ಅಂಕವಿಲ್ಲದ ಕೆಲಸವಾಯಿತು. ಪದ, ವ್ಯಾಕರಣ, ಓದು ಎಂಬ ಮೂರು ಶೀರ್ಷಿಕೆಗಳು ಇಂದು ನಮಗೆ ಸ್ವತಃಸಿದ್ಧವೆಂದು ತೋರುವುದಕ್ಕೆ ಪ್ರಶ್ನೆಪತ್ರಿಕೆಯ ಭಾಗಗಳು ಒಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಪೀಪಲ್ಸ್ ಎಜುಕೇಷನ್ ಪ್ರೆಸ್ ಮತ್ತು ಲಾಂಗ್‌ಮನ್ ಜಂಟಿಯಾಗಿ ಸಿದ್ಧಪಡಿಸಿದ ಪಠ್ಯಮಾಲೆ 1993ರಲ್ಲಿ ಶಾಲೆಗಳಿಗೆ ಬಂದಾಗ ಲಿ ಲೇ ಮತ್ತು ಹಾನ್ ಮೇಮೇ ಎಂಬ ಎರಡು ಪಾತ್ರಗಳು ಒಂದು ತಲೆಮಾರಿನ ಸಹಪಾಠಿಗಳಾದರು. ಸಂವಹನ ವಿಧಾನಕ್ಕೆ ಒಲಿದ ಈ ಪುಸ್ತಕಗಳ ಪಾಠದ ಪುಟದಲ್ಲಿ ಚೀನೀಗೆ ಜಾಗ ಕಡಿಮೆ. ಅದು ಹಿಂಬದಿಯ ಪದಪಟ್ಟಿಗೆ ಸರಿಯಿತು. 2001ರ ಪಠ್ಯಕ್ರಮದ ಮಾನದಂಡವು ಒಂಬತ್ತನೆಯ ತರಗತಿಯ ಕೊನೆಗೆ 1,500ರಿಂದ 1,600 ಪದ, ಹಿರಿಯ ಮಾಧ್ಯಮಿಕದ ಎಂಟನೆಯ ಹಂತಕ್ಕೆ ಸುಮಾರು 3,300 ಪದ ಎಂದು ನಿಗದಿಮಾಡಿತು. ಪಟ್ಟಿಯಲ್ಲಿ ಪದ ಒಂದೊಂದೇ ನಿಂತಿರುತ್ತದೆ, ಎದುರಿಗೆ ಒಂದೋ ಎರಡೋ ಚೀನೀ ಸಮಾನಪದ. ಶ್ಯೆ ಹೊಂಗ್‌ಲಾಯ್ ಅವರ ಟೀಕು ಪದವನ್ನು ಅದರ ಸಾಲಿನಲ್ಲಿಯೇ ಬಿಡಿಸುತ್ತಿತ್ತು. ಪಟ್ಟಿಯ ಅರ್ಥವು ಯಾವ ಸಾಲಿಗೂ ಸೇರಿದ್ದಲ್ಲ. ತಾಯ್ನುಡಿಯನ್ನು ಕಡಿಮೆ ಮಾಡಿದೆವೆಂದುಕೊಂಡಾಗ ಕಡಿಮೆಯಾದದ್ದು ಅದರ ವಾಕ್ಯ. ಉಳಿದದ್ದು ಅದರ ಬಿಡಿ ಪದ.

ಪ್ರಭಾವವು ಒಮ್ಮುಖವಾಗಿಯೂ ಇರಲಿಲ್ಲ. ಲ್ಯು ಬಾನ್‌ನೊಂಗ್ 1920ರಲ್ಲಿ 'ಅವಳು' ಎಂಬ ಅರ್ಥಕ್ಕೆ ಪ್ರತ್ಯೇಕ ಲಿಪಿಚಿಹ್ನೆಯನ್ನು ಪ್ರತಿಪಾದಿಸಿದ್ದರ ಹಿಂದೆ ಯುರೋಪಿನ ಭಾಷೆಗಳಿಂದ ಅನುವಾದಿಸುವಾಗಿನ ತೊಡಕಿತ್ತು. ಮಾತಿನಲ್ಲಿ ಇಂದಿಗೂ 'ತಾ' ಎಂಬುದೇ ಅವನಿಗೂ ಅವಳಿಗೂ. ವಾಂಗ್ ಲಿ 1940ರ ದಶಕದಲ್ಲಿ ತಮ್ಮ ಆಧುನಿಕ ಚೀನೀ ವ್ಯಾಕರಣದಲ್ಲಿ 'ಯುರೋಪೀಕೃತ ವ್ಯಾಕರಣ'ಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ನಾಮಪದದ ಹಿಂದೆ ಉದ್ದುದ್ದ ವಿಶೇಷಣಗಳನ್ನು ಪೇರಿಸುವ ಲಿಖಿತ ಚೀನೀ ಶೈಲಿಯು ಇಂಗ್ಲಿಷ್ ವಾಕ್ಯಗಳನ್ನು ಬಿಡಿಸಿ ಬಿಡಿಸಿ ಬೆಳೆದ ಅಭ್ಯಾಸ. 'ಯಾವ... ಆ' ಎಂಬ ಜೋಡಣೆಯ ವಾಕ್ಯಗಳಿಂದ ತುಂಬಿದ ನಮ್ಮ ಶಾಸ್ತ್ರಗದ್ಯವನ್ನು, ಈ ಲೇಖನದ ಕೆಲವು ವಾಕ್ಯಗಳನ್ನೂ ಸೇರಿಸಿ, ಇದರ ಪಕ್ಕದಲ್ಲಿಟ್ಟು ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.

ಟೀಕು ಮಾತ್ರ ಹೋಗಿಲ್ಲ. 'ಥ್ಯಾಂಕ್ ಯು' ಎಂಬುದನ್ನು ಚೀನೀ ಮಕ್ಕಳು ಲಿಪಿಚಿಹ್ನೆಗಳಲ್ಲಿ 'ಸಾನ್ ಕ ಯೊ' ಎಂದು ಬರೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಹಾಸ್ಯ. ಆ ಮೂರು ಚಿಹ್ನೆಗಳ ಅರ್ಥ 'ಮೂರು ಗ್ರಾಂ ಎಣ್ಣೆ'. ಶಿಕ್ಷಕರು ಅದನ್ನು ಅಳಿಸಿಹಾಕಿಸುತ್ತಾರೆ. ಕ್ಯಾಂಟನ್‌ನ ಅಂಗಡಿ ಹುಡುಗನ ಕಿರುಹೊತ್ತಗೆಯಲ್ಲಿ 'ಮೂರು' ಎಂಬುದು 'ಭೂಗೋಳ'ವಾಗಿದ್ದ ಆ ಪುಟಕ್ಕೂ ಈ ಪೆನ್ಸಿಲ್ ಗುರುತಿಗೂ ನಡುವೆ ಪಿನ್‌ಯಿನ್, ಅಂತರರಾಷ್ಟ್ರೀಯ ಧ್ವನಿಲಿಪಿ, ಧ್ವನಿಮುದ್ರಿತ ಪಾಠಗಳು ಎಲ್ಲವೂ ಬಂದುಹೋಗಿವೆ.